ಡಾಸನ್‌ನ ತಾಯಿಗೆ ಬರೆದ ಪತ್ರ

ಎಮೆಟ್ ಡಾಸನ್ ಸತ್ತ ಸುದ್ದಿಯನ್ನು ಐತಪ್ಪನಿಗೆ ಹೇಳಿದವಳು ವನಮಾಲಾ. ಗ್ರಾಮೊಫೋನಿನ ಸೂಜಿ ಮುಗಿದಿದೆ, ಮುಂದಿನ ವಾರ ಬನ್ನಿ ಎನ್ನುವ ದನಿಯಲ್ಲೇ ಹೇಳಿದಳು.

೧೯೫೬ರ ಫೆಬ್ರವರಿಯ ಒಂದು ಶನಿವಾರ ಅದು. ಮುಂಬಯಿಯ ಧೋಬಿ ತಲಾವಿನ ಒಂದು ರೆಕಾರ್ಡು ಅಂಗಡಿಯಲ್ಲಿ ವನಮಾಲಾ ಟೈಪಿಸ್ಟ್ ಆಗಿದ್ದಳು. ಗಿರಾಕಿಗಳು ಹೆಚ್ಚಾದಾಗ ಪಾರ್ಸಿ ಮಾಲೀಕರು ಅವಳನ್ನೇ ಕೌಂಟರಿಗೆ ಕರೆಯುತ್ತಿದ್ದರು. ತೆಳ್ಳಗೆ, ಉದ್ದಕ್ಕಿದ್ದ ಒಬ್ಬಾತ ಬಂದು, ಅಮೆರಿಕದ ಹಳ್ಳಿ ಹಾಡುಗಾರ ಡಾಸನ್‌ನ ಹೊಸ ರೆಕಾರ್ಡು ಬಂತಾ ಎಂದು ಹಿಂದಿಯಲ್ಲಿ ಕೇಳಿದ.

"ಇನ್ನು ಬರೋದಿಲ್ಲ," ಎಂದು ಅವಳೂ ಹಿಂದಿಯಲ್ಲೇ ಹೇಳಿದಳು. "ಹೋದ ತಿಂಗಳು ತೀರಿಕೊಂಡರಂತೆ. ನ್ಯುಮೋನಿಯಾ. ಕಂಪನಿಯಿಂದ ಕಾಗದ ಬಂದಿದೆ."

ಆತ ಕೌಂಟರಿನ ಗಾಜಿನ ಮೇಲೆ ಎರಡೂ ಕೈಯಿಟ್ಟ. ಉಗುರಿನ ಸಂದಿಗಳಲ್ಲಿ ಯಂತ್ರದ ಎಣ್ಣೆ ಕಪ್ಪಗೆ ಕೂತಿತ್ತು. ಆಮೇಲೆ ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕೂತ.

ಊರಲ್ಲಿ ಪಾನನಿಷೇಧವಿತ್ತು. ಆದರೂ ಶನಿವಾರ ಮಧ್ಯಾಹ್ನ ಕಾಲು ಸೋತ ಗಂಡಸರನ್ನು ಕಂಡರೆ ಯಾರಿಗೂ ಬರುವ ಅನುಮಾನವೇ ಅವಳಿಗೂ ಬಂತು. ಸ್ವಲ್ಪ ಬಾಗಿ ವಾಸನೆ ನೋಡಿದಳು. ತೆಂಗಿನೆಣ್ಣೆಯ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ.

"ನಿಮಗೆ ಸಂಬಂಧಿಕರಾ?" ಎಂದಳು. ಮಾತಿನಲ್ಲಿ ಕೊಂಕಿತ್ತು.

ಆತನಿಗೆ ಕೇಳಿಸಲಿಲ್ಲವೋ ಏನೋ. ತನ್ನಷ್ಟಕ್ಕೆ, "ಎಂತ ಮಾರಾಯ, ಹೇಳದೆ ಕೇಳದೆ ಹೋಗಿಬಿಟ್ಟೆಯಲ್ಲ," ಎಂದ.

ವನಮಾಲಾ ಬಿಲ್ ಪುಸ್ತಕದಿಂದ ತಲೆಯೆತ್ತಿದಳು. "ಕನ್ನಡದವರಾ?"

"ಊರು ಉಡುಪಿ ಹತ್ತಿರ. ನೀವು?"

"ಮೈಸೂರು. ನೀರು ಕೊಡಲಾ?"

"ಬೇಡ." ತಲೆಯಾಡಿಸಿ ಕೇಳಿದ, "ಎಷ್ಟು ಪ್ರಾಯ ಆಗಿತ್ತಂತೆ?"

ಅವಳು ಕಾಗದ ತೆಗೆದು ನೋಡಿದಳು. "ಮೂವತ್ತೊಂದು."

"ನನಗಿಂತ ಎರಡೇ ವರ್ಷ ದೊಡ್ಡವ," ಎಂದು ಆತ ಎದ್ದು ಹೊರಟುಹೋದ. ಟ್ರಾಮಿಗೆ ಕಾಯುವವರ ಸಾಲಿನಲ್ಲಿ ಬಿಳಿ ಶರಟೊಂದು ಸ್ವಲ್ಪ ಹೊತ್ತು ಕಂಡು ಮರೆಯಾಯಿತು. ವಿಚಿತ್ರ ಮನುಷ್ಯ ಎಂದುಕೊಂಡು ವನಮಾಲಾ ಮತ್ತೆ ಬಿಲ್ ಬರೆಯತೊಡಗಿದಳು.

ವನಮಾಲಾಳನ್ನು ಕಲ್ಲು ಅನ್ನುವವರಿದ್ದರು. ರೈಲ್ವೆ ಆಫೀಸಿನಲ್ಲಿದ್ದ ಅವಳ ತಂದೆ ಮೂರು ವರ್ಷದ ಹಿಂದೆ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದರು. ಅಣ್ಣ ನಾಣಿ ಬೆಂಗಳೂರಿನಿಂದ ಬರುವುದರೊಳಗೆ ಡಾಕ್ಟರು, ಸರ್ಟಿಫಿಕೇಟು, ಪುರೋಹಿತರು ಎಲ್ಲವನ್ನೂ ಅವಳೇ ನಿಭಾಯಿಸಿದ್ದಳು. ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಹುಡುಗಿಗೆ ಹೃದಯವೇ ಇಲ್ಲ ಎಂದು ಮಾಟುಂಗದ ನೆಂಟರು ಆಡಿಕೊಂಡಿದ್ದರು. ಇರಬಹುದು ಎಂದು ಅವಳೂ ಒಪ್ಪಿಕೊಂಡಿದ್ದಳು. ಈಗ ಅವಳಿಗೆ ಇಪ್ಪತ್ತಾರು. ತಾಯಿ ಕೌಸಲ್ಯಮ್ಮನ ಜೊತೆ ಗೋರೆಗಾಂವಿನ ಒಂದು ಬಿಲ್ಡಿಂಗಿನಲ್ಲಿ ಎರಡು ಕೋಣೆಯ ಮನೆ. ಬೆಳಿಗ್ಗೆ ಲೋಕಲ್ಲು, ಸಂಜೆ ಲೋಕಲ್ಲು.

ಮುಂದಿನ ಶನಿವಾರ ಆತ ಮತ್ತೆ ಬಂದ.

"ನನ್ನ ಹೆಸರು ಐತಪ್ಪ. ನಿಮ್ಮಿಂದ ಒಂದು ಕೆಲಸ ಆಗ್ಬೇಕು. ಡಾಸನ್‌ನ ತಾಯಿಗೆ ಒಂದು ಕಾಗದ ಬರೀಬೇಕು. ಇಂಗ್ಲಿಷಲ್ಲಿ."

"ಜಿ.ಪಿ.ಓ. ಮುಂದೆ ಕಾಗದ ಬರೆಯೋರು ಸಾಲಾಗಿ ಕೂತಿರ್ತಾರಲ್ಲ."

"ಹೋಗಿದ್ದೆ. ಅವ ಶುರು ಮಾಡುದೇ 'ಮಾನ್ಯರೇ, ತಮ್ಮಲ್ಲಿ ಅರಿಕೆ ಏನೆಂದರೆ' ಅಂತ. ಮಗ ಸತ್ತ ತಾಯಿಗೆ ಹಾಗೆ ಬರೀತಾರಾ?"

ವನಮಾಲಾಗೆ ನಗು ಬಂತು. ತಡೆದುಕೊಂಡಳು. "ಇಷ್ಟು ದೊಡ್ಡ ಊರಲ್ಲಿ ನಾನೇ ಯಾಕೆ?"

"ಸುದ್ದಿ ಹೇಳಿದವರು ನೀವಲ್ವಾ?" ಅದರಲ್ಲೇನೋ ನ್ಯಾಯವಿದೆ ಎಂಬಂತೆ ಕೇಳಿದ. ಕಣ್ಣಿನಲ್ಲಿ ತುಂಟತನವೇನೂ ಇರಲಿಲ್ಲ. ರೆಪ್ಪೆ ಮಾತ್ರ ಗಂಡಸಿಗೆ ಬೇಕಾದ್ದಕ್ಕಿಂತ ಉದ್ದ ಎಂದು ಅವಳಿಗನ್ನಿಸಿತು. ಯಾಕೆ ಹಾಗನ್ನಿಸಿತು ಎಂದು ಅವಳು ಯೋಚಿಸಲು ಹೋಗಲಿಲ್ಲ.

ಅಂಗಡಿಯಲ್ಲಿ ಅದಕ್ಕೆಲ್ಲ ಪುರಸೊತ್ತಿಲ್ಲ ಎಂದಳು. ಹಾಗಾದರೆ ಸ್ಟೇಷನ್ನಿನಲ್ಲಿ ಎಂದ. ಅವನು ಜೋಗೇಶ್ವರಿಯವನು, ಅಲ್ಲೇ ಒಂದು ಸಣ್ಣ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇಥ್ ಯಂತ್ರ ನಡೆಸುತ್ತಿದ್ದ. ಇಬ್ಬರದೂ ಒಂದೇ ಲೈನು, ಅವಳು ಇಳಿಯುವುದು ಮುಂದಿನ ಸ್ಟೇಷನ್ನಿನಲ್ಲಿ. ಆ ಸಂಜೆ ಮರೀನ್ ಲೈನ್ಸ್ ಸ್ಟೇಷನ್ನಿನ ಮರದ ಬೆಂಚಿನ ಎರಡು ತುದಿಯಲ್ಲಿ ಇಬ್ಬರೂ ಕೂತರು. ನಡುವೆ ಅವಳ ಟಿಫಿನ್ ಡಬ್ಬಿ ಇತ್ತು.

"ಹೇಳಿ," ಎಂದು ಪೆನ್ಸಿಲ್ ಹಿಡಿದಳು.

"ಬರೀರಿ. 'ನಿಮ್ಮ ಮಗ ಬಹಳ ದೊಡ್ಡ ಹಾಡುಗಾರ.'"

"ಅದು ಅವರಿಗೆ ಗೊತ್ತು. ಮುಂದೆ?"

"'ಅವನ ಸಾವಿನಿಂದ ಲೋಕಕ್ಕೆ ತುಂಬಲಾರದ ನಷ್ಟ.'"

"ಅದು ಪೇಪರ್‌ನೋರು ಬರೆದಿರ್ತಾರೆ."

"ನೀವು ಬರೀಲಿಕ್ಕೆ ಕೂತಿದ್ದಾ, ಹೊಡೆದು ಹಾಕ್ಲಿಕ್ಕೆ ಕೂತಿದ್ದಾ?"

"ನೀವು ಹೇಳಿದ್ದರಲ್ಲಿ ಇನ್ನೂ ನಿಮ್ಮ ಮಾತು ಒಂದೂ ಬಂದಿಲ್ಲ, ಅದಕ್ಕೆ." ಅವಳು ಪೆನ್ಸಿಲ್ಲನ್ನು ಕಿವಿಯ ಹಿಂದೆ ಸಿಕ್ಕಿಸಿದಳು. "ಸರಿ, ಕಾಗದ ಬಿಡಿ. ಅವರು ನಿಮಗೇನಾಗಬೇಕು? ಅದನ್ನ ಹೇಳಿ."

ಬೊರಿವಲಿ ಗಾಡಿಯೊಂದು ಬಂದು ಜನ ತುಂಬಿಕೊಂಡು ಹೋಯಿತು. ಇಬ್ಬರೂ ಏಳಲಿಲ್ಲ.

"ನನ್ನ ರೂಮಲ್ಲಿ ಗೋವಾದ ಒಬ್ಬ ಇದ್ದಾನೆ, ಪೆದ್ರು. ಹಡಗಿನಲ್ಲಿ ಅಡುಗೆಯವ. ಗ್ರಾಮೊಫೋನು, ರೆಕಾರ್ಡು ಎಲ್ಲ ಅವಂದೇ. ಡಾಸನ್‌ನ ಒಂದು ಹಾಡುಂಟು, ಅರ್ಥ ಪೆದ್ರುವೇ ಹೇಳಿದ್ದು. ಮಗ ದೂರದ ಊರಲ್ಲಿ ಕೂಲಿ ಮಾಡ್ತಾನೆ. ಅಮ್ಮನಿಗೆ ಕಾಗದ ಹಾಕ್ತಾನೆ. ಅಮ್ಮನಿಗೆ ಓದ್ಲಿಕ್ಕೆ ಬರುದಿಲ್ಲ, ಅಂಗಡಿಯವ ಓದಿ ಹೇಳ್ಬೇಕು. ಹಾಗಾಗಿ ಇವ ಬರಿಯುದು ಎಂತ? ನಾನು ಕ್ಷೇಮ, ಮಳೆ ಹೇಗುಂಟು, ದನ ಹೇಗುಂಟು. ಅಮ್ಮ, ನಿನ್ನ ನೆನಪಾಗ್ತದೆ ಅಂತ ಅಂಗಡಿಯವನ ಬಾಯಲ್ಲಿ ಹೇಳಿಸ್ಲಿಕ್ಕೆ ನಾಚಿಕೆ ಅಲ್ವಾ?"

ವನಮಾಲಾ ಬರೆಯಲು ತೆಗೆದಿದ್ದ ಹಾಳೆಯನ್ನು ಮಡಚಿಟ್ಟಳು.

"ನನ್ನ ಅಮ್ಮನಿಗೆ ಪೋಸ್ಟ್‌ಮ್ಯಾನ್ ಓದ್ತಾ ಇದ್ದ. ಹದಿನಾಲ್ಕು ವರ್ಷ ನಾನು ದನದ ಬಗ್ಗೆ ಬರೆದೆ. ದನ ಸತ್ತುಹೋಗಿ ಎರಡು ವರ್ಷ ಆದ ಮೇಲೂ ಬರೆದೆ. ಬೇರೆ ಬರಿಲಿಕ್ಕೆ ಬರ್ತಿರಲಿಲ್ಲ." ಅವನು ನಕ್ಕ. ನಗು ಬೇಗ ನಿಂತಿತು. "ಹೋದ ವರ್ಷ ಅಮ್ಮ ತೀರಿಕೊಂಡಳು. ಕಾರ್ಡು ನನ್ನ ಕೈಗೆ ಬರುವಾಗ ಸುಡುದು, ಬೊಜ್ಜ ಎಲ್ಲ ಮುಗಿದಾಗಿತ್ತು. ಪೆದ್ರು ಹಡಗಿಗೆ ಹೋಗಿದ್ದ, ರೂಮಲ್ಲಿ ನಾನೊಬ್ಬನೇ. ಆ ವಾರ ಇಡೀ ಆ ಹಾಡು ಹಾಕಿದೆ. ಅಮೆರಿಕದವನಿಗೆ ನಮ್ಮ ಪೋಸ್ಟ್‌ಮ್ಯಾನ್ ವಿಷಯ ಹೇಗೆ ಗೊತ್ತಾಯ್ತು ಹೇಳಿ?"

ಮುಂದಿನ ಗಾಡಿ ಬಂದಾಗ ಅವಳು ಡಬ್ಬಿ ಎತ್ತಿಕೊಂಡು ಲೇಡೀಸ್ ಬೋಗಿಗೆ ಹತ್ತಿದಳು. ಜೋಗೇಶ್ವರಿಯಲ್ಲಿ ಅವನು ಇಳಿದು ಪ್ಲಾಟ್‌ಫಾರ್ಮಿನಲ್ಲಿ ನಿಂತು ಅವಳ ಬೋಗಿ ಹಾದುಹೋಗುವವರೆಗೂ ನೋಡಿದ. ಕೈ ಬೀಸಲಿಲ್ಲ. ಅವಳೂ ನೋಡದ ಹಾಗೆಯೇ ಇದ್ದಳು. ಆದರೆ ಗೋರೆಗಾಂವ್ ಬಂದದ್ದು ಗೊತ್ತಾಗದೆ, ಪಕ್ಕದ ಹೆಂಗಸು ಭುಜ ತಟ್ಟಿ ಎಬ್ಬಿಸಬೇಕಾಯಿತು.

ಸೋಮವಾರ ಊಟದ ಬಿಡುವಿನಲ್ಲಿ ವನಮಾಲಾ ಅಂಗಡಿಯ ಗಾಜಿನ ಕೋಣೆಯಲ್ಲಿ ಕೂತು ಆ ರೆಕಾರ್ಡು ಕೇಳಿದಳು. ಎರಡು ಸಲ. ಶನಿವಾರ ಅವನಿಗೆ ಹೇಳಿದಳು, "ಕೇಳಿದೆ ನಿಮ್ಮ ಡಾಸನ್‌ನ. ನೆಗಡಿ ಆದೋರು ಹಾಡಿದ ಹಾಗಿದೆ."

ಸಿಟ್ಟು ಬರುತ್ತದೆಂದು ಕಾದಳು. ಐತಪ್ಪ ಬೆಂಚು ಅಲ್ಲಾಡುವಂತೆ ನಕ್ಕ. "ಹೌದು ಮಾರಾಯ್ರೆ, ಸರಿಯಾಗಿ ಹೇಳಿದ್ರಿ! ಅತ್ತು ಮೂಗು ಒರೆಸಿ ಹಾಡಿದ ಹಾಗೆ. ಪೆದ್ರುಗೆ ಹೇಳಿದ್ರೆ ಅವ ಒಪ್ಪುದೇ ಇಲ್ಲ."

ಮೂರು ಶನಿವಾರ ಕಾಗದದ ಕೆಲಸ ನಡೆಯಿತು. ಅವನು ಹತ್ತು ಮಾತು ಹೇಳಿದರೆ ಅವಳು ಒಂದನ್ನು ಉಳಿಸಿಕೊಳ್ಳುತ್ತಿದ್ದಳು. ಕಂಪನಿಗೆ ತಾನೇ ಬರೆದು ವಿಳಾಸವನ್ನೂ ತರಿಸಿಕೊಂಡಳು. ಕೊನೆಗೆ ಉಳಿದದ್ದು ಐದು ವಾಕ್ಯ. ಟೈಪ್ ಮಾಡಿ ತಂದು, ಬೆಂಚಿನ ಮೇಲೆ ಕನ್ನಡದಲ್ಲಿ ಓದಿ ಹೇಳಿದಳು:

"ನಾನು ಮುಂಬಯಿಯಲ್ಲಿ ಲೇಥ್ ಕೆಲಸ ಮಾಡುವವನು. ನಿಮ್ಮ ಮಗನನ್ನು ನಾನು ನೋಡಿಲ್ಲ. ನನ್ನ ತಾಯಿ ಸತ್ತ ವಾರ ಅವರು ನನ್ನ ಕೋಣೆಯಲ್ಲಿ ಹಾಡಿದರು. ಆ ವಾರ ನನ್ನ ಜೊತೆ ಇದ್ದವರು ಅವರೊಬ್ಬರೇ. ಈ ಕಾಗದವನ್ನು ನಿಮಗೆ ಬೇರೆ ಯಾರಾದರೂ ಓದಿ ಹೇಳುತ್ತಿದ್ದರೆ, ಅವರಿಗೂ ನನ್ನ ನಮಸ್ಕಾರ."

ಐತಪ್ಪ ಎಣ್ಣೆ ತಾಗದ ಹಾಗೆ ಹಾಳೆಯ ಅಂಚು ಹಿಡಿದು ನೋಡಿದ. ಆಮೇಲೆ, "ಕೊನೆಯದ್ದು ನಾನು ಹೇಳಿದ್ದಲ್ಲ," ಎಂದ.

"ಬೇಡ ಅಂದ್ರೆ ತೆಗೀತೀನಿ."

"ತೆಗೀಬೇಡಿ." ಅವಳನ್ನೇ ನೋಡಿದ. ಅವಳು ಹಳಿಗಳ ಕಡೆ ನೋಡಿದಳು. ಕೆನ್ನೆ ಬಿಸಿಯಾದದ್ದಕ್ಕೆ ಮಾರ್ಚ್ ತಿಂಗಳ ಸೆಕೆಯೇ ಕಾರಣ ಎಂದುಕೊಂಡಳು.

ಕಾಗದ ಹೋಯಿತು. ಉತ್ತರಕ್ಕೆ ಅಂಗಡಿಯ ವಿಳಾಸ ಕೊಟ್ಟಿದ್ದರು. ಇನ್ನು ಅವನು ಬರುವುದಕ್ಕೆ ಕಾರಣವಿರಲಿಲ್ಲ. ಶನಿವಾರ ಎರಡು ಗಂಟೆಗೆ ಬಾಗಿಲಲ್ಲಿ ನಿಂತಿದ್ದ.

"ಏನು ಬೇಕಿತ್ತು?" ಎಂದಳು, ಗಿರಾಕಿಗೆ ಕೇಳುವ ಹಾಗೆ.

"ಬೇರೆ ಯಾರಾದ್ರೂ ಹಾಡುಗಾರರು ಸತ್ತಿದ್ದಾರಾ ಅಂತ ಕೇಳಿ ಹೋಗುವಾ ಅಂತ."

"ಸದ್ಯಕ್ಕೆ ಎಲ್ಲರೂ ಚೆನ್ನಾಗಿದ್ದಾರೆ."

"ಹೌದಾ? ಹಾಗಾದ್ರೆ ಮುಂದಿನ ವಾರ ನೋಡುವಾ."

ಅವಳು ಈ ಸಲ ನಗುವನ್ನು ತಡೆದುಕೊಳ್ಳಲಿಲ್ಲ. ಒಳಗಿನಿಂದ ಮಾಲೀಕರು ಕನ್ನಡಕದ ಮೇಲಿಂದ ನೋಡಿ, ಮತ್ತೆ ಪೇಪರ್ ಎತ್ತಿಕೊಂಡರು.

ಆ ನಂತರದ ಶನಿವಾರಗಳು ಹಾಗೆಯೇ ಕಳೆದವು. ಬೆಂಚು, ಡಬ್ಬಿ, ಬಿಟ್ಟುಕೊಟ್ಟ ಎರಡು ಮೂರು ಗಾಡಿ. ಅವಳು 'ಏನ್ರೀ' ಅಂದರೆ ಅವನು ಮೈಸೂರಿನವರ ಹಾಗೆ ಎಳೆದು ಅಣಕಿಸುತ್ತಿದ್ದ. ಅವನು 'ಉಂಟು' ಅಂದಾಗಲೆಲ್ಲ ಅವಳು ಬೆರಳು ಮಡಿಸುತ್ತಿದ್ದಳು. ಒಂದು ಸಂಜೆಗೆ ಮೂವತ್ತೇಳು ಸಲ ಅಂದಿದ್ದೀರಿ ಎಂದರೆ ಅವನು ನಂಬುತ್ತಿರಲಿಲ್ಲ.

ಮೇ ತಿಂಗಳ ಮೊದಲ ವಾರ ನಾಣಿಯ ಕಾಗದ ಬಂತು. ಬೆಂಗಳೂರಿನಲ್ಲಿ ಗಂಡು ನೋಡಿದ್ದ, ಬ್ಯಾಂಕಿನಲ್ಲಿ ಕೆಲಸ. ಜೂನ್‌ನಲ್ಲಿ ಬಂದು ತಾಯಿ-ತಂಗಿಯನ್ನು ಕರೆದುಕೊಂಡು ಹೋಗುವುದಾಗಿ, ಮನೆ ಖಾಲಿ ಮಾಡಿಟ್ಟಿರಲು ಬರೆದಿದ್ದ. ಕೌಸಲ್ಯಮ್ಮ ಕಾಗದ ಓದಿ ಮಗಳ ಮುಖ ನೋಡಿದರು.

"ಏನಂತೀಯೆ?"

"ಸರಿ," ಎಂದಳು ವನಮಾಲಾ. ಎಲ್ಲದಕ್ಕೂ ಅವಳ ಉತ್ತರ ಅದೇ ಆಗಿತ್ತು.

ಶನಿವಾರ ಬೆಂಚಿನಲ್ಲಿ ಅದನ್ನೂ, ಡಾಸನ್ ಸತ್ತದ್ದನ್ನು ಹೇಳಿದ ದನಿಯಲ್ಲೇ ಐತಪ್ಪನಿಗೆ ಹೇಳಿದಳು. ಅವನು ಅಂಗೈ ತಿರುಗಿಸಿ ಗೆರೆಗಳಲ್ಲಿ ಕೂತ ಎಣ್ಣೆಯನ್ನು ನೋಡಿಕೊಂಡ. "ಒಳ್ಳೆದಾಯ್ತು. ಬೆಂಗಳೂರು ತಂಪು ಅಂತಾರೆ," ಎಂದ. ಮೊದಲು ಬಂದ ಗಾಡಿಗೇ ಹತ್ತಿದ.

ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಮೂರನೆಯ ಶನಿವಾರ ಎರಡು ಗಂಟೆಗೆ ಬಾಗಿಲು ಸದ್ದಾದಾಗ ವನಮಾಲಾ ಟೈಪ್ ಮಾಡುತ್ತಿದ್ದ ಹಾಳೆಯಲ್ಲಿ ಒಂದೇ ಸಾಲನ್ನು ಎರಡು ಸಲ ಹೊಡೆದಳು. ಬಂದವನು ಪೋಸ್ಟ್‌ಮ್ಯಾನ್. ಅಮೆರಿಕದ ಅಂಚೆಚೀಟಿಯಿದ್ದ ಲಕೋಟೆ ಕೊಟ್ಟ. ಐತಪ್ಪನ ಹೆಸರಿಗೆ.

ಮರುದಿನ ಭಾನುವಾರ. ದೇವಸ್ಥಾನಕ್ಕೆ ಎಂದು ತಾಯಿಗೆ ಹೇಳಿ ಹೊರಟು ಜೋಗೇಶ್ವರಿಯಲ್ಲಿ ಇಳಿದಳು. ಅವನು ಹೇಳುತ್ತಿದ್ದ ಆ ಒಂಟಿ ಕೋಣೆಗಳ ಚಾಳನ್ನು ಹುಡುಕುವುದು ಕಷ್ಟವಾಗಲಿಲ್ಲ. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ ಹೆಂಗಸರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೊನೆಯ ಕೋಣೆ ತೋರಿಸಿದರು. ಐತಪ್ಪ ಬನಿಯನ್ನಿನಲ್ಲಿ ಬಟ್ಟೆ ಒಗೆಯುತ್ತಿದ್ದ. ಅವಳನ್ನು ಕಂಡು ಒದ್ದೆ ಶರಟನ್ನೇ ಹಾಕಿಕೊಂಡು ಎದ್ದು ನಿಂತ.

"ಉತ್ತರ ಬಂದಿದೆ," ಎಂದು ಲಕೋಟೆ ಕೊಟ್ಟಳು.

ಒಳಗಿದ್ದದ್ದು ಕಪ್ಪು ಅಂಚಿನ ಒಂದು ಕಾರ್ಡು. ನಮ್ಮ ದುಃಖದಲ್ಲಿ ಪಾಲುಗೊಂಡದ್ದಕ್ಕೆ ಡಾಸನ್ ಕುಟುಂಬದ ಕೃತಜ್ಞತೆಗಳು ಎಂದು ಅಚ್ಚಾಗಿತ್ತು. ಮೇಲೆ ಮಸಿಯಲ್ಲಿ ಹೆಸರು: ಮಿಸ್ಟರ್ ಐಟಾ ಪಾಲ್.

ವನಮಾಲಾ ಕಾರ್ಡನ್ನು ತಿರುಗಿಸಿ ನೋಡಿದಳು. ಹಿಂಬದಿ ಖಾಲಿ.

"ಇಷ್ಟೇನಾ?" ಎಂದಳು. "ಮೂರು ವಾರ ಕೂತು ಬರೆದಿದ್ದೀವಿ! ಒಂದೊಂದು ಮಾತನ್ನೂ ಆರಿಸಿ ಬರೆದಿದ್ದೀವಿ. ಅವರಿಗೆ ಒಂದು ಸಾಲು ಕೈಯಲ್ಲಿ ಬರೆಯೋಕ್ಕಾಗಲಿಲ್ವಾ? ಹೆಸರನ್ನಾದರೂ ಸರಿಯಾಗಿ... ಓದೇ ಇಲ್ಲ ಅವರು. ಓದೇ ಇಲ್ಲ!"

ದನಿ ಏರಿತ್ತು. ನಲ್ಲಿಯ ಹತ್ತಿರ ಮಾತು ನಿಂತಿತು. ತನ್ನ ಮುಖ ಒದ್ದೆಯಾಗಿದೆ ಎಂದು ಅವಳಿಗೆ ಗೊತ್ತಾದದ್ದು ಐತಪ್ಪ ಗಾಬರಿಯಿಂದ ಸ್ಟೂಲು ಎಳೆದು ಹಾಕಿದಾಗ. ಕೂತಳು. ಅಳು ನಿಲ್ಲಲಿಲ್ಲ. ಅವನು ಚೊಂಬಿನಲ್ಲಿ ನೀರು ತಂದು ಎರಡು ಮಾರು ದೂರದಲ್ಲಿ ಹಿಡಿದುಕೊಂಡು ನಿಂತ.

"ನಾನೂ ಹೀಗೇ ಮಾಡಿದ್ದೆ," ಎಂದಳು ಕೊನೆಗೆ. "ಅಪ್ಪ ಹೋದಾಗ ನಲವತ್ತೆರಡು ಕಾಗದ ಬಂದಿತ್ತು. ಪ್ರೆಸ್ಸಲ್ಲಿ ಕಾರ್ಡು ಹೊಡೆಸಿ, ಮೇಲೆ ಹೆಸರು ಬರೆದು ಕಳಿಸಿದೆ. ಒಂದನ್ನೂ ಬಿಚ್ಚಿ ಓದಲಿಲ್ಲ. ಓದಿದ್ದರೆ ಅಪ್ಪ ಸತ್ತಿದ್ದು ನಿಜವಾಗ್ತಿತ್ತು."

ಐತಪ್ಪ ಚೊಂಬನ್ನು ಅವಳ ಕೈಗೆ ಕೊಟ್ಟ. "ನಲವತ್ತೆರಡು ಹೆಸರು ಬರೆದ್ರಲ್ಲ. ಕೈ ಸೋತಿರ್ಲಿಲ್ವಾ?"

"ಸೋತಿತ್ತು."

"ಈ ಅಮ್ಮನ ಕೈಯೂ ಸೋತಿರ್ತದೆ." ಕಾರ್ಡನ್ನು ತೆಗೆದುಕೊಂಡು ಒರೆಸಿ, ಕಿಟಕಿಯ ಮೇಲಿಟ್ಟ. "ನನಗೆ ಉತ್ತರ ಬೇಕಿತ್ತು ಅಂತ ಅಲ್ಲ. ಒಮ್ಮೆ ಹೇಳ್ಬೇಕಿತ್ತು. ಹೇಳಿ ಆಯ್ತು."

ಅವಳು ನೀರು ಕುಡಿದು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ತಲೆಯೆತ್ತದೆ ಕೇಳಿದಳು, "ಮೂರು ವಾರದಿಂದ ಯಾಕೆ ಬರಲಿಲ್ಲ?"

"ಎಂತ ಅಂತ ಬರುದು? ಬೆಂಗಳೂರಿಗೆ ಹೋಗ್ತೇನೆ ಅಂದ್ರಲ್ಲ."

"ನಾಣಿ ಕಾಗದ ಬರೆದಿದ್ದಾನೆ ಅಂದೆ. ನನಗೆ ಇಷ್ಟವಾ ಅಂತ ನೀವು ಕೇಳಿದ್ರಾ?"

"ಇಷ್ಟವಾ?"

"ಇಲ್ಲ."

ಹಗ್ಗದ ಮೇಲಿನ ಬಟ್ಟೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಐತಪ್ಪ ಒದ್ದೆ ಶರಟಿನ ತುದಿ ಹಿಂಡಿದ. "ನೋಡಿ, ನಮ್ಮ ಅಪ್ಪ ಶೇಂದಿ ತೆಗೆಯುವವರು. ನಿಮ್ಮವರು ನಮ್ಮ ಮನೆಯಲ್ಲಿ ನೀರು ಸಹ ಕುಡಿಯುದಿಲ್ಲ."

ಅವಳು ಕೈಯಲ್ಲಿದ್ದ ಖಾಲಿ ಚೊಂಬನ್ನು ನೋಡಿದಳು. ಅವನೂ ನೋಡಿದ.

"ನನ್ನ ಕಡೆಯಿಂದ ಬಂದು ಕೇಳ್ಲಿಕ್ಕೆ ಈಗ ಯಾರೂ ಇಲ್ಲ," ಎಂದ. "ನಾನೇ ಕೇಳ್ಬೇಕು. ನೀವು ಪೆನ್ಸಿಲ್ ತೆಗೀಬಾರ್ದು ಮತ್ತೆ. ವನಮಾಲಾ, ನೀವು ಅಂದ್ರೆ ನನಗೆ ಬಹಳ ಇಷ್ಟ. ಶನಿವಾರ ಬಂದ್ರೆ ಸಾಕು ಅಂತ ಆಗ್ತದೆ. ನಿಮ್ಮನ್ನು ಮದುವೆ ಆಗುವ ಆಸೆ ಉಂಟು."

"ಉಂಟು ಅಂದ್ರಿ," ಎಂದಳು ಅವಳು. ಅಳು ನಿಂತ ಮುಖದಲ್ಲಿ ನಗು ಬಂತು. "ನಂಗೂ ಉಂಟು."

ಮನೆಗೆ ಹೋಗಿ ಆ ದಿನವೇ ತಾಯಿಗೆ ಹೇಳಿದಳು. ಕೌಸಲ್ಯಮ್ಮ ಅಕ್ಕಿ ಆರಿಸುತ್ತಿದ್ದರು, ಮೊರ ಕೆಳಗಿಟ್ಟರು. ಕೂಗಾಡಲಿಲ್ಲ. ಮೂರು ದಿನ ಮಗಳ ಜೊತೆ ಮಾತು ಬಿಟ್ಟರು. ತಾಯಿಯ ಕಾಗದ ಸಿಕ್ಕಿದ ಕೂಡಲೇ ನಾಣಿ ಬಂದು, ಒಂದು ಹಗಲು ಕೂಗಾಡಿ, ಇನ್ನು ತನಗೆ ತಂಗಿಯಿಲ್ಲ ಎಂದು ಹೇಳಿ ಹೋದ. ತಾಯಿಯನ್ನು ಕರೆದ. ಆಮೇಲೆ ಬರುತ್ತೇನೆ ಎಂದರು ಕೌಸಲ್ಯಮ್ಮ. ಅವನು ಹೋದ ಮೇಲೆ ಮಗಳ ಕಡೆ ತಿರುಗಿ, "ಅಪ್ಪ ಸತ್ತಾಗಲೂ ಅಳದವಳು ಅವನ ಮನೇಲಿ ಅತ್ತುಬಿಟ್ಟೆ ಅಂದೆಯಲ್ಲ," ಎಂದರು. "ನಾನು ಮದುವೆಗೆ ಬರೋದಿಲ್ಲ. ನೀನು ನಿನ್ನ ದಾರಿ ನೋಡ್ಕೊ."

ಫೋರ್ಟಿನ ರಿಜಿಸ್ಟ್ರಾರ್ ಆಫೀಸಿನ ಬೋರ್ಡಿನ ಮೇಲೆ ಇಬ್ಬರ ಹೆಸರಿನ ನೋಟಿಸು ಒಂದು ತಿಂಗಳು ತೂಗಿತು. ಯಾರೂ ತಕರಾರು ಮಾಡಲಿಲ್ಲ. ಜುಲೈ ಮೊದಲ ಶುಕ್ರವಾರಕ್ಕೆ ದಿನ ಗೊತ್ತಾಯಿತು. ಮೂವರು ಸಾಕ್ಷಿಗಳು ಬೇಕಿತ್ತು. ಅಂಗಡಿಯ ಮಾಲೀಕರು ಪಾರ್ಸಿಗಳ ಬಿಳಿ ಕೋಟು ಡಗಲಿ ಹಾಕಿಕೊಂಡು ಬಂದರು. ಐತಪ್ಪನ ಕಾರ್ಖಾನೆಯ ಮೇಸ್ತ್ರಿ ಶೆಟ್ಟೆಪ್ಪ ಬಂದರು. ಮೂರನೆಯವನಾಗಿ ಪೆದ್ರು ಬರಬೇಕಿತ್ತು, ಅವನ ಹಡಗು ಬಂದರಿನ ಹೊರಗಡೆ ಲಂಗರು ಹಾಕಿ ನಿಂತುಬಿಟ್ಟಿತ್ತು.

ಹನ್ನೆರಡಾಯಿತು. ಗುಮಾಸ್ತ ಗಡಿಯಾರ ನೋಡಿ ಸೋಮವಾರ ಬನ್ನಿ ಎಂದ. ದಾರಿಯಲ್ಲಿ ಹೋಗುವ ಯಾರನ್ನಾದರೂ ಕರೆತರುತ್ತೇನೆ ಎಂದು ಐತಪ್ಪ ಹೊರಗೆ ಹೋದ. ಹೋದವನು ತಕ್ಷಣ ವಾಪಸು ಬಂದ. ಬಾಗಿಲಿಂದ ಒಂದು ಕಡೆ ಸರಿದು ನಿಂತ.

ಅವನ ಹಿಂದೆ ಕೌಸಲ್ಯಮ್ಮ ನಿಂತಿದ್ದರು. ಸೀರೆಯ ಅಂಚು ಮಳೆಯಲ್ಲಿ ನೆನೆದಿತ್ತು. ಗಂಡ ಹೋದ ಮೂರು ವರ್ಷದಲ್ಲಿ ಅವರು ಮಾಟುಂಗ ದಾಟಿ ಈ ಕಡೆ ಬಂದವರಲ್ಲ, ಲೋಕಲ್ಲಿನಲ್ಲಿ ಒಬ್ಬರೇ ಕೂತವರಂತೂ ಅಲ್ಲವೇ ಅಲ್ಲ. ಮಗಳ ಮುಖವನ್ನು ಒಮ್ಮೆ ನೋಡಿ, ಮೇಜಿನ ಹತ್ತಿರ ಹೋದರು.

"ಯಾರು ಬರಬೇಕು ಅಂತ ಕಾಯ್ತಿದ್ದೀರಿ?" ಎಂದು ಕೇಳಿದರು.

"ಇನ್ನೊಂದು ಸಾಕ್ಷಿ ಬೇಕಮ್ಮ," ಎಂದ ಐತಪ್ಪ.

"ತಾಯಿ ರುಜು ಹಾಕಬಹುದಾ ಕೇಳು."

ಅವನು ಗುಮಾಸ್ತನನ್ನು ಕೇಳಿದ. ಹಾಕಬಹುದು ಎಂದು ಗುಮಾಸ್ತ ಪೆನ್ನು ಮುಂದೆ ಚಾಚಿದ. ಕೌಸಲ್ಯಮ್ಮ ಅದನ್ನು ತೆಗೆದುಕೊಂಡರು. ಇಂಗ್ಲಿಷಿನ ಆ ದೊಡ್ಡ ಪುಸ್ತಕದ ಮೇಲೆ ಬಾಗಿ, ಗೆರೆಗಳ ನಡುವೆ ಜಾಗ ತಿಳಿಯದೆ ತಲೆಯೆತ್ತಿದರು.

"ಎಲ್ಲಿ ಹಾಕಬೇಕು, ತೋರಿಸಪ್ಪ," ಎಂದರು ಐತಪ್ಪನಿಗೆ.

ಅವನು ಬೆರಳಿಟ್ಟು ತೋರಿಸಿದ. ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು ಇನ್ನೂ ಇತ್ತು. ಕೌಸಲ್ಯಮ್ಮ ಆ ಬೆರಳಿನ ಪಕ್ಕದಲ್ಲೇ ಕನ್ನಡದಲ್ಲಿ ತಮ್ಮ ಹೆಸರು ಬರೆದರು.